ಸೂರ್ಯನ ಕಡೆಯಿಂದ ಬಂದವನು

ದೆವ್ವ, ಶಕುನ, ಕಣ್ಣಿಗೆ ಕಂಡು ಮಾಯವಾಗುವ ಆಕೃತಿ, ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬುವವರನ್ನು ಗೇಲಿ ಮಾಡದೆ ಬಿಟ್ಟವನೂ ಅಲ್ಲ. ಬಂಗಾರಪೇಟೆಯಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇತ್ತು. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂದು ಹೆದರುವ ಮುದುಕಿಯರಿಗೆ, "ಹಾಗಾದರೆ ನಿಮ್ಮ ಆಯುಸ್ಸೆಲ್ಲ ನನಗೇ ಬರಬೇಕಿತ್ತಲ್ಲ ಅಜ್ಜಿ" ಎನ್ನುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಐವತ್ತರ ದಶಕದ ಮಾತು. ಹೊರಗಡೆ ಫೋಟೋ ತೆಗೆಯುವಾಗ ಸೂರ್ಯ ತೆಗೆಯುವವನ ಬೆನ್ನಿಗಿರಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ನನಗೆ ಅದರಿಂದ ಬೇಸರ ಬಂದುಹೋಗಿತ್ತು. ಬಿಸಿಲಿಗೆ ಮುಖ ಕೊಟ್ಟವರೆಲ್ಲ ಹುಣಸೆಹಣ್ಣು ಚೀಪಿದವರ ಹಾಗೆ ಮುಖ ಕಿವುಚಿಕೊಂಡು ನಿಲ್ಲುತ್ತಿದ್ದರು. ಸೂರ್ಯನನ್ನು ಅವರ ಬೆನ್ನಿಗೇ ಹಾಕಿದರೆ ಕೂದಲು, ಕಿವಿ, ಭುಜದ ಅಂಚೆಲ್ಲ ಹೊತ್ತಿಕೊಂಡಂತೆ ಬೆಳಗುತ್ತವೆ, ಆದರೆ ಮುಖ ಕಪ್ಪಾಗುತ್ತದೆ. ಮುಖವನ್ನೂ ಉಳಿಸಿಕೊಂಡು ಅಂಚನ್ನೂ ಬೆಳಗಿಸುವುದು ಹೇಗೆಂದು ಕಲಿಯುವ ಹುಚ್ಚು ನನಗೆ ಹಿಡಿಯಿತು. "ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ" ಎಂದು ಅಕ್ಕ ನಗುತ್ತಿದ್ದಳು.

ಅದಕ್ಕೆ ಸರಿಯಾದ ಕಾಲ ದಸರಾ ಮುಗಿದು ದೀಪಾವಳಿ ಬರುವ ನಡುವಿನದು. ಮಳೆ ಧೂಳನ್ನೆಲ್ಲ ತೊಳೆದಿರುತ್ತದೆ, ಸಂಜೆಯ ಬಿಸಿಲು ಓರೆಯಾಗಿ, ಹದವಾಗಿ ಬೀಳುತ್ತದೆ. ಜಾಗವನ್ನೂ ಹುಡುಕಿಕೊಂಡಿದ್ದೆ. ಚಿನ್ನದ ಗಣಿಯ ಊರಿಗಾಂ ಹತ್ತಿರ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯನ್ನು ಸುರಿದು ಸುರಿದು ಬೆಳೆದ ಸಯನೈಡ್ ದಿಬ್ಬಗಳಿವೆ. ಬಿಳಿಚಿಕೊಂಡ ಆ ದಿಬ್ಬವೊಂದು ನನ್ನ ಬೆನ್ನಿಗಿದ್ದರೆ, ಅದಕ್ಕೆ ಬಡಿದ ಬಿಸಿಲು ತಿರುಗಿ ಬಂದು ಎದುರಿಗೆ ನಿಂತವರ ಮುಖ ತುಂಬುತ್ತಿತ್ತು. ಭಾನುವಾರ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು, ಕ್ಯಾಮೆರಾ ಹೊತ್ತು ನಡೆಯುತ್ತಿದ್ದೆ.

ನಿಲ್ಲಲು ಆಳು ಬೇಕಲ್ಲ, ಅಕ್ಕನ ಗಂಡ ಚೌಡಪ್ಪ ಸಿಕ್ಕಿದ. ಭಾವ ಬಂಗಾರಪೇಟೆಯ ಪಕ್ಕದ ಹಳ್ಳಿಯ ರೈತ. ಅಗಲ ಎದೆ, ಹುರಿ ಮಾಡಿದ ಮೀಸೆ, ಮೂಗಿನ ತುದಿಯಲ್ಲೇ ಕೋಪ. ಅವನ ದೊಡ್ಡ ಜಗಳವೆಂದರೆ ಚಿಕ್ಕಪ್ಪನ ಮಗ ಮುನಿಯಪ್ಪನ ಜೊತೆ. ಇಬ್ಬರಿಗೂ ಸೇರಿದ್ದು ಒಂದೇ ಬಾವಿ. ಎತ್ತು ಕಟ್ಟಿ ನೀರೆತ್ತುವ ಕಪಿಲೆ ಹೂಡುವ ಸರದಿ ಯಾರದೆಂಬ ಮಾತು ಬೈಗುಳದಿಂದ ಹೊಡೆದಾಟಕ್ಕೆ ಬಂದು, ಒಮ್ಮೆ ಇಬ್ಬರ ತಲೆಯೂ ಒಡೆದಿತ್ತು. ಮುನಿಯಪ್ಪ ಮೊದಲು ಗಣಿಯಲ್ಲಿದ್ದವನು. ಒಳಗೆ ಬಂಡೆ ಬಿದ್ದು ಎಡಗಾಲು ಜಜ್ಜಿಹೋಗಿ, ಅದನ್ನು ಎಳೆದುಕೊಂಡೇ ನಡೆಯುತ್ತಿದ್ದ. ಇವರಲ್ಲಿ ಒಬ್ಬರು ಇನ್ನೊಬ್ಬರನ್ನು ಮುಗಿಸಿಯೇ ಬಿಡುತ್ತಾರೆಂದು ಅಕ್ಕ ಹಗಲಿರುಳು ಹೆದರುತ್ತಿದ್ದಳು. ಭಾನುವಾರವಾದರೂ ಗಂಡ ಬಾವಿಯ ಕಡೆ ಹೋಗದೆ ನನ್ನ ಜೊತೆ ಇರಲಿ ಎಂದು ಅವಳೇ ಅವನನ್ನು ಒಪ್ಪಿಸಿ ಕಳಿಸುತ್ತಿದ್ದಳು.

ಆ ಸಂಜೆ ಬಿಸಿಲು ನಾನು ಬಯಸಿದ್ದಂತೆಯೇ ಇತ್ತು. ಭಾವನನ್ನು ನಿಲ್ಲಿಸಿ, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದೆ. ಆಗಿನ ಕ್ಯಾಮೆರಾ ಕಾಣದವರಿಗೆ ಹೇಳಬೇಕು: ಅದರ ಹಿಂಬದಿಯ ಮಬ್ಬು ಗಾಜಿನ ಮೇಲೆ ಎದುರಿನವರು ತಲೆಕೆಳಗಾಗಿ ಕಾಣುತ್ತಾರೆ. ಹೊಸದರಲ್ಲಿ "ಸ್ವಲ್ಪ ಈ ಕಡೆ" ಎಂದು ನಾನು ಹೇಳಿದರೆ ಅವರು ಆ ಕಡೆ ಸರಿದು ಚೌಕಟ್ಟಿನಿಂದಲೇ ಹೊರಗೆ ಹೋಗುತ್ತಿದ್ದರು. ಆಮೇಲೆ ಕಣ್ಣಿಗೆ ರೂಢಿಯಾಗಿ, ಎಲ್ಲ ನೆಟ್ಟಗೇ ಕಾಣುವಂತಾಗುತ್ತದೆ.

ಭಾವನ ಮೀಸೆಯ ಅಂಚು ಬೆಳಗುತ್ತಿತ್ತು. ಅವನ ಬೆನ್ನ ಹಿಂದೆ, ಸೂರ್ಯನ ಕಡೆಯಿಂದ, ಒಬ್ಬ ನಡೆದು ಬರುತ್ತಿದ್ದ. ಮೈಯೆಲ್ಲ ಕಪ್ಪು, ಮುಖ ಕಾಣದು. ಒಂದು ಕಾಲನ್ನು ಎಳೆದೆಳೆದು ಹಾಕುತ್ತಿದ್ದ. ಎತ್ತಿದ ಕೈಯಲ್ಲಿ ಮಚ್ಚು. ನಾನು ಭಾವನ ಭುಜದ ಮೇಲೆ ತರಲು ಒದ್ದಾಡುತ್ತಿದ್ದ ಬೆಳಕಿನ ಗೆರೆ ಆ ಮಚ್ಚಿನ ಬಾಯಿಯ ಉದ್ದಕ್ಕೂ ಮಿನುಗುತ್ತಿತ್ತು. ಇನ್ನೆರಡು ಹೆಜ್ಜೆ ಇಟ್ಟರೆ ಭಾವನ ಕುತ್ತಿಗೆ.

"ಬಾವಾ, ಹಿಂದೆ!" ಎಂದು ಕಿರುಚಿ ಬಟ್ಟೆ ಕಿತ್ತೆಸೆದೆ. ಭಾವ ಗರ್ರನೆ ತಿರುಗಿದ. ಯಾರೂ ಇರಲಿಲ್ಲ. ಬಯಲು ಬೋಳು ಬೋಳಾಗಿತ್ತು. ಓಡಿಹೋಗಿ ನೋಡಿದೆ, ಆ ಮೆತ್ತನೆಯ ಪುಡಿಯ ಮೇಲೆ ನಮ್ಮಿಬ್ಬರ ಹೆಜ್ಜೆ ಬಿಟ್ಟು ಬೇರೆ ಗುರುತಿಲ್ಲ. ಕೆಳಗೆ ಮೇಕೆ ಮೇಯಿಸುತ್ತಿದ್ದ ತಮಿಳು ಹೆಂಗಸನ್ನು ಕೂಗಿ ಕೇಳಿದೆ. "ಯಾರುಮೇ ವರಲೆ ಸಾಮಿ" ಎಂದಳು. ಯಾರೂ ಬರಲಿಲ್ಲವಂತೆ.

ಭಾವ ನನ್ನ ರಟ್ಟೆ ಹಿಡಿದುಕೊಂಡ. "ಏನ್ ಕಂಡೆ, ಸರಿಯಾಗಿ ಯೋಳ್ಲಾ."

ಹೇಳಿದೆ. ಗಾಬರಿಯಲ್ಲಿ ಎಲ್ಲವನ್ನೂ ಹೇಳಿದೆ.

"ಯಾವ್ ಕಾಲು ಎಳೀತಿದ್ದ?"

"ಎಡಗಾಲು" ಎಂದೆ.

ಅವನ ಮುಖ ಬದಲಾಯಿತು. ಬಿಸಿಲು ನೇರ ಲೆನ್ಸಿಗೆ ಹೊಡೆದರೆ ಇಲ್ಲದ ಕಲೆಗಳೆಲ್ಲ ಕಾಣುತ್ತವೆ, ಅದು ಬರೀ ಬೆಳಕಿನ ಆಟ ಎಂದು ಸಮಾಧಾನ ಹೇಳತೊಡಗಿದೆ.

"ಬೆಳಕು ಮಚ್ಚು ಇಡ್ಕೊಂಡ್ ಬತ್ತದೇನ್ಲಾ?" ಎಂದ. ಆಮೇಲೆ ತಾನಾಗಿಯೇ ಹೋಗಿ ಮೊದಲಿನ ಜಾಗದಲ್ಲಿ ನಿಂತ. "ತೆಗಿ ನಿನ್ ಪೋಟೋ. ಅವನೂ ಬರ್ಲಿ, ನೋಡ್ತೀನಿ." ತೆಗೆದೆ.

ಮರುದಿನ ಬೆಳಗ್ಗೆ ಮನಸ್ಸು ತಡೆಯದೆ ಸೈಕಲ್ ಹತ್ತಿ ಹಳ್ಳಿಗೆ ಹೋದೆ. ತಡವಾಗಿತ್ತು. ಬಾವಿಯ ಹತ್ತಿರ ಅಕ್ಕನ ಕೂಗು ಕೇಳಿ ಸೈಕಲ್ ಎಸೆದು ಓಡಿದೆ. ಮುನಿಯಪ್ಪ ಕಪಿಲೆ ಹೊಡೆಯುತ್ತಿದ್ದ, ಅವನ ಕೈಯಲ್ಲಿ ಬಾರುಕೋಲು ಬಿಟ್ಟು ಇನ್ನೇನೂ ಇರಲಿಲ್ಲ. ಭಾವನ ಮಚ್ಚಿನ ಮೊದಲ ಏಟು ಆಗಲೇ ಅವನ ಭುಜಕ್ಕೆ ಬಿದ್ದಿತ್ತು. ಎತ್ತುಗಳು ಬೆದರಿ ಹಗ್ಗ ಎಳೆದುಕೊಂಡು ಓಡಿದವು. ಮುನಿಯಪ್ಪ ಬಿದ್ದಲ್ಲಿಂದಲೇ ಕಾಲುವೆಯ ಪಕ್ಕದ ಗುದ್ದಲಿ ಎಳೆದುಕೊಂಡು ಬೀಸಿದ. ಅದು ಭಾವನ ಮೊಣಕಾಲಿಗೆ ಬಿದ್ದ ಸದ್ದು, ಹಸಿ ಕೊಂಬೆ ಮುರಿದ ಸದ್ದು, ಇವತ್ತಿಗೂ ನನ್ನ ಕಿವಿಯಲ್ಲಿದೆ. ಭಾವ ಕುಸಿದು, ತೆವಳಿಕೊಂಡೇ ಹೋಗಿ ಮತ್ತೆ ಮಚ್ಚೆತ್ತಿದ.

"ಯಾಕಣ್ಣೋ?" ಎಂದ ಮುನಿಯಪ್ಪ. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದವನು ಕೇಳುವ ಹಾಗೆ. ನಾನು ಹೋಗಿ ಭಾವನ ಕೈ ಹಿಡಿಯುವಷ್ಟರಲ್ಲಿ ಮಚ್ಚು ಮುನಿಯಪ್ಪನ ಕುತ್ತಿಗೆಗೆ ಇಳಿದಿತ್ತು. ಕಪಿಲೆಯ ನೀರು ಇನ್ನೂ ಕಾಲುವೆಯಲ್ಲಿ ಹರಿಯುತ್ತಿತ್ತು, ಕೆಂಪಾಗಿ ಮಡಿಗಳಿಗೆ ಹೋಯಿತು.

ಭಾವನನ್ನು ಜೈಲಿಗೆ ಹಾಕಿದರು. ಆ ಫೋಟೋವನ್ನು ನಾನು ತೊಳೆದೆ. ನಾನು ಅದುವರೆಗೆ ತೆಗೆದಿದ್ದರಲ್ಲೆಲ್ಲ ಚೆನ್ನಾದದ್ದು ಅದೇ. ಮುಖ ತಿಳಿಯಾಗಿ ಬಂದಿತ್ತು, ಅಂಚೆಲ್ಲ ಬೆಳಗುತ್ತಿತ್ತು, ಅವನು ಏನು ಮಾಡಬೇಕೆಂದು ಆಗಲೇ ತೀರ್ಮಾನಿಸಿದ್ದನೆಂಬುದು ಕಣ್ಣಿನಲ್ಲೇ ಕಾಣುತ್ತಿತ್ತು. ಬೆನ್ನ ಹಿಂದೆ ಯಾರೂ ಇರಲಿಲ್ಲ. ಅದನ್ನು ಯಾರಿಗೂ ತೋರಿಸದೆ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ವರ್ಷಗಳು ಕಳೆದು, ಅರವತ್ತರ ದಶಕದಲ್ಲಿ, ಭಾವನಿಗೆ ಬಿಡುಗಡೆಯಾಯಿತು. ಕರೆತರಲು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿದ್ದೆ. ಸಂಜೆ. ಬೆಂಗಳೂರಿನಿಂದ ಬಂದ ರೈಲಿನ ಹಿಂದಿನ ಡಬ್ಬಿಯಿಂದ ಇಳಿದು, ಮುಳುಗುವ ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು, ಪ್ಲಾಟ್‌ಫಾರಂ ಉದ್ದಕ್ಕೂ ಅವನು ನನ್ನ ಕಡೆಗೆ ನಡೆದು ಬಂದ. ಮೈಯೆಲ್ಲ ಕಪ್ಪು, ಮುಖ ಕಾಣದು. ಒಂದು ಕಾಲನ್ನು ಎಳೆದೆಳೆದು ಹಾಕುತ್ತಿದ್ದ. ಆ ನಡಿಗೆಯನ್ನು ನಾನು ಮೊದಲೇ ನೋಡಿದ್ದೆ.

ಅವನು ಎಳೆಯುತ್ತಿದ್ದದ್ದು ಗುದ್ದಲಿಯ ಏಟು ಬಿದ್ದಿದ್ದ ಬಲಗಾಲು. ಕ್ಯಾಮೆರಾದ ಮಬ್ಬು ಗಾಜಿನ ಮೇಲೆ ಮೇಲಿನದು ಕೆಳಗೆ ಬರುವುದಷ್ಟೇ ಅಲ್ಲ, ಎಡದ್ದು ಬಲಕ್ಕೂ ಬಲದ್ದು ಎಡಕ್ಕೂ ಹೋಗುತ್ತದೆ. ನನ್ನ ಕಸುಬಿನಲ್ಲಿ ಹುಡುಗರಿಗೂ ಗೊತ್ತಿರುವ ಪಾಠ ಅದು. ಗಾಬರಿಯಲ್ಲಿ ಗಾಜಿನಲ್ಲಿ ಕಂಡದ್ದನ್ನು ಕಂಡ ಹಾಗೇ, ಎಡಗಾಲೆಂದು ಹೇಳಿಬಿಟ್ಟಿದ್ದೆ.

ಈ ಮಾತು ಭಾವನಿಗೆ ತಿಳಿಯದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಆದರೆ ಅವನೇ ಒಂದು ದಿನ ಸ್ಟುಡಿಯೋಗೆ ಬಂದು, ನೇರವಾಗಿ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿದ. "ಅಲ್ಲಿ ನಿಂತ್ಕೊಂಡು ಒಂದ್ ಕೈ ಎತ್ಲಾ" ಎಂದ. ಎತ್ತಿದೆ.

"ಬಲಗೈ ಎತ್ತಿದೀಯ" ಎಂದಿತು ಬಟ್ಟೆಯೊಳಗಿನ ದನಿ.

ಹೌದು ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಬಟ್ಟೆ ಸರಿಸಿ ಎದ್ದು ನಿಂತ. ನನ್ನ ಎಡಗೈ ಇನ್ನೂ ಮೇಲೆಯೇ ಇತ್ತು.

ಅವನು ನನ್ನ ಕೈ ನೋಡಿದ. ಆಮೇಲೆ ಬಗ್ಗಿ ತನ್ನ ಮೊಣಕಾಲು ನೋಡಿಕೊಂಡ. ಗೋಡೆಗೆ ಆತು ಮೆಲ್ಲಗೆ ನೆಲದ ಮೇಲೆ ಕೂತ.

"ಅವನಲ್ಲ ಕಣ್ಲಾ. ನಾನೇ" ಎಂದ. ಆಮೇಲೆ, "ಯಾಕಣ್ಣೋ ಅಂದ ಅವ್ನು. ಈಗ್ ನಾನ್ ಅವ್ನಿಗೆ ಏನಂತ ಯೋಳ್ಲಿ?" ಎಂದು ಗೋಡೆಗೆ ತಲೆ ಚಚ್ಚಿಕೊಂಡ. ಹಿಡಿದು ನಿಲ್ಲಿಸುವಷ್ಟರಲ್ಲಿ ಗೋಡೆಯ ಮೇಲೆ ರಕ್ತವಿತ್ತು.

ಭಾವ ಈಗಿಲ್ಲ. ನನಗೂ ವಯಸ್ಸಾಯಿತು, ಲೆಕ್ಕ ಮಾತ್ರ ಕೂಡುತ್ತಿಲ್ಲ. ನಾನು ಹೇಳದಿದ್ದರೆ ಅವನು ಬಾವಿಗೆ ಹೋಗುತ್ತಿರಲಿಲ್ಲ. ಹೋಗದಿದ್ದರೆ ಆ ಕಾಲು ಮುರಿಯುತ್ತಿರಲಿಲ್ಲ. ಮುರಿಯದಿದ್ದರೆ, ಆ ಸಂಜೆ ಗಾಜಿನ ಮೇಲೆ ಕಾಲೆಳೆದುಕೊಂಡು ಬಂದವನು ಯಾರು? ಕೆಲವೊಮ್ಮೆ ಆ ಫೋಟೋ ತೆಗೆದು ನೋಡುತ್ತೇನೆ. ಭಾವ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದಾನೆ. ಅವನ ಹಿಂದೆ ಬರೀ ಬಿಸಿಲು.