ಅರ್ಧಕ್ಕೆ ನಿಂತ ಟೈಮರ್

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ ನಾನಲ್ಲ. ದೆವ್ವ, ಗಾಳಿ, ಮುನಿ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುವವನೂ ನಾನೇ, ನಡುವೆ ಪ್ರಶ್ನೆ ಕೇಳಿ ಕಥೆ ಕೆಡಿಸುವವನೂ ನಾನೇ. ಆ ಸ್ವಭಾವ ಈಗಲೂ ಬದಲಾಗಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ನನ್ನ ಬಾಯಿ ಕಟ್ಟಿಹೋಗಿದೆ. ಅದನ್ನು ನಡೆದ ಹಾಗೆಯೇ ಬರೆಯುತ್ತೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನೀನು ನಂಬಿದ್ದೀಯಾ ಎಂದು ನನ್ನನ್ನೇ ಕೇಳಿದರೆ, ಕಂಡದ್ದನ್ನು ಕಂಡೆ ಎನ್ನಬಲ್ಲೆ, ಅಷ್ಟೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ವಾರವಿಡೀ ಫೈಲು, ಭಾನುವಾರ ಕ್ಯಾಮೆರಾ. ಹಳೇ ಕ್ಯಾಮೆರಾ, ಲೆನ್ಸು, ಫ್ಲಾಶು, ಸ್ಟ್ಯಾಂಡು ಎಲ್ಲಿ ಮಾರಾಟಕ್ಕಿದೆ ಎಂದು ಸುಳಿವು ಸಿಕ್ಕರೂ ಬಸ್ಸು ಹತ್ತಿಬಿಡುತ್ತಿದ್ದೆ. ತಂದು, ಒರೆಸಿ, ಸಣ್ಣಪುಟ್ಟ ರಿಪೇರಿ ಮಾಡಿ, ಆಸೆ ತೀರುವವರೆಗೆ ಅದರಲ್ಲಿ ಫೋಟೋ ತೆಗೆದು, ಆಮೇಲೆ ಇನ್ಯಾರಿಗೋ ಮಾರಿ ಮತ್ತೊಂದನ್ನು ತರುವುದು ನನ್ನ ಹವ್ಯಾಸ. ಇದರಿಂದ ಬಂದದ್ದೇನು ಎಂದು ಹೆಂಡತಿ ಕೇಳಿದಾಗಲೆಲ್ಲ ಬೀರುವಿನ ಬಾಗಿಲು ತೆಗೆದು ತೋರಿಸುತ್ತಿದ್ದೆ. ಅವಳ ಸೀರೆಗಳಿಗೆ ಅಲ್ಲಿ ಜಾಗ ಉಳಿದಿರಲಿಲ್ಲ.

ಈ ವ್ಯವಹಾರದಲ್ಲಿ ನಾನು ನೋಡದ ಮನುಷ್ಯರಿಲ್ಲ. ಬೆಳ್ಳಾವಿಯಲ್ಲಿ ಒಬ್ಬ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದ್ದನ್ನು ತೋರಿಸಿದರೆ, "ಅದು ಕಂಪ್ನಿ ಡಿಸೈನು ಸಾರ್" ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು. ಕುಣಿಗಲ್‌ನಿಂದ ಕೊತ್ತಗೆರೆಗೆ ಹೋಗಿ ಒಂದು ಒಳ್ಳೆಯ ಟ್ರೈಪಾಡ್ ಕೇಳಿದರೆ, ಅದರ ತಲೆಗೆ ಟೇಬಲ್ ಫ್ಯಾನ್ ಬಿಗಿದುಕೊಂಡು ಗಾಳಿ ತಗೊಳ್ಳುತ್ತಾ ಮಲಗಿದ್ದ ಯಜಮಾನ, ಬೇಸಿಗೆ ಕಳೆದ ಮೇಲೆ ಬನ್ನಿ ಎಂದ. ಹೀಗೆ ಅಲೆದೂ ಅಲೆದೂ, ಯಾವ ಕ್ಯಾಮೆರಾ ಕೊಟ್ಟರೂ ಕೈಗೆತ್ತಿಕೊಂಡ ಕೂಡಲೇ ಅದರ ಜಾತಕ ಹೇಳುವಷ್ಟು ಪಳಗಿದ್ದೆ. ಇದು ಜಂಬವಲ್ಲ, ನನ್ನ ಮಾತು ಸುಳ್ಳಾದದ್ದು ಕಡಿಮೆ.

ಕಡಬದಲ್ಲಿ ಒಂದು ಕ್ಯಾಮೆರಾ ಇದೆ ಎಂದು ಹೇಳಿದವನು ನಂಜುಂಡ, ತುಮಕೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿದ್ದ ನನ್ನ ಗೆಳೆಯ. ಅಲ್ಲಿನ ನಿವೃತ್ತ ಗಣಿತದ ಮೇಷ್ಟ್ರು ಮರುಳಸಿದ್ದಪ್ಪನವರು ಕೆಲವು ತಿಂಗಳ ಹಿಂದೆ ಲಿಂಗೈಕ್ಯರಾಗಿದ್ದರು. ಅವರ ಜಪಾನಿ ಕ್ಯಾಮೆರಾವನ್ನು ಪತ್ನಿ ಶಿವಗಂಗಮ್ಮನವರು ಕೊಡುತ್ತಾರಂತೆ ಎಂದ. ಮುಂದಿನ ಭಾನುವಾರ ಗುಬ್ಬಿಯಲ್ಲಿಳಿದು ಇನ್ನೊಂದು ಬಸ್ಸು ಹಿಡಿದು ಕಡಬಕ್ಕೆ ಹೋದೆ.

ಶಿವಗಂಗಮ್ಮನವರು ಮಜ್ಜಿಗೆ ಕೊಟ್ಟು ಕೂರಿಸಿದರು. ಹಣೆಯ ತುಂಬ ವಿಭೂತಿ, ಒಂದು ಕಡ್ಡಿಗೆ ಬಿಳಿ ದಾರ ಸುತ್ತಿದ ಕನ್ನಡಕ. ಕ್ಯಾಮೆರಾ ಚರ್ಮದ ಕವರಿನೊಳಗೆ ಮಗುವಿನಂತೆ ಬೆಚ್ಚಗಿತ್ತು. ಹೊರಗೆ ತೆಗೆದು ನೋಡಿದೆ. ಲೆನ್ಸು ಸ್ವಚ್ಛ, ಮೈಮೇಲೆ ಗೀರಿಲ್ಲ. ಆದರೆ ಸೆಲ್ಫ್ ಟೈಮರ್ ಅರ್ಧಕ್ಕೆ ನಿಂತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೇ ಕ್ಯಾಮೆರಾಗಳ ಮುಂಭಾಗದಲ್ಲಿ ಒಂದು ಪುಟ್ಟ ಕಡ್ಡಿ ಇರುತ್ತದೆ. ಅದನ್ನು ತಿರುಗಿಸಿ ಬಿಟ್ಟರೆ ಗಿರ್ರ್ ಎನ್ನುತ್ತಾ ನಿಧಾನವಾಗಿ ತನ್ನ ಜಾಗಕ್ಕೆ ಮರಳುತ್ತದೆ. ಅಷ್ಟರೊಳಗೆ ಫೋಟೋ ತೆಗೆಯುವವನೂ ಓಡಿಹೋಗಿ ಎಲ್ಲರ ಜೊತೆ ನಿಲ್ಲಬಹುದು. ಕೊನೆಗೆ ಕ್ಯಾಮೆರಾ ತಾನೇ ಕ್ಲಿಕ್ ಎನ್ನುತ್ತದೆ. ಈ ಟೈಮರ್ ಹಳೇ ಕ್ಯಾಮೆರಾಗಳಲ್ಲಿ ಜಡ್ಡುಗಟ್ಟಿರುತ್ತದೆ. ಅದಕ್ಕೇ ನಮ್ಮಂಥವರು ಏನನ್ನು ಮುಟ್ಟಿದರೂ ಅದನ್ನು ಮಾತ್ರ ಮುಟ್ಟುವುದಿಲ್ಲ. ಒಮ್ಮೆ ನಡುವೆ ಸಿಕ್ಕಿಕೊಂಡರೆ ಶಟರ್ ಬೀಳುವುದಿಲ್ಲ, ರೀಲು ಮುಂದಕ್ಕೆ ಹೋಗುವುದಿಲ್ಲ, ಇಡೀ ಕ್ಯಾಮೆರಾ ಕಲ್ಲಾಗಿ ಕೂರುತ್ತದೆ.

"ಇದ್ಯಾರಮ್ಮ ಟೈಮರ್ ತಿರುಗಿಸಿದ್ದು?" ಎಂದು ಕೇಳಿದೆ.

ಆಗ ಅವರು ಹೇಳಿದ್ದು ಇಷ್ಟು. ಮೇಷ್ಟ್ರು ಊರಿನವರ ಫೋಟೋ ಎಲ್ಲ ತೆಗೆದರು, ಆದರೆ ಗಂಡ ಹೆಂಡತಿ ಇಬ್ಬರೂ ಇರುವ ಫೋಟೋ ಒಂದೂ ಇರಲಿಲ್ಲ. ಮದುವೆಯಲ್ಲೂ ತೆಗೆಸಿರಲಿಲ್ಲ. ಒಂದು ಸಂಜೆ ಕೆರೆ ಏರಿಗೆ ಹೋದಾಗ ಮೇಷ್ಟ್ರಿಗೆ ಏನನಿಸಿತೋ, ಕ್ಯಾಮೆರಾವನ್ನು ತೂಬಿನ ಕಲ್ಲಿನ ಮೇಲಿಟ್ಟು, ಟೈಮರ್ ತಿರುಗಿಸಿ, ಓಡಿಬಂದು ಏರಿಯ ಕಲ್ಲಿನ ಮೇಲೆ ಹೆಂಡತಿಯ ಪಕ್ಕ ಕೂತರು.

"ಗಿರ್ರ್ ಅಂತ ಸ್ವಲ್ಪ ಹೊತ್ತು ಅಂತು, ಆಮೇಲೆ ನಿಂತೋಯ್ತು ಕಣಪ್ಪ. ನಾವಿಬ್ರೂ ಹಲ್ಲು ಕಿರ್ಕೊಂಡು ಕೂತೇ ಇದ್ವಿ. ಆಯ್ತು ಬುಡು, ರಿಪೇರಿ ಮಾಡಿಸ್ಕೊಂಡು ಇನ್ನೊಂದಿನ ತೆಗ್ಯಾನ ಅಂದ್ರು. ಅದೇ ವಾರ ಹೊರಟೋದ್ರು."

ಅವರು ಅಳಲಿಲ್ಲ. ಖಾಲಿ ಲೋಟ ತೆಗೆದುಕೊಂಡು ಒಳಗಿಟ್ಟು ಬಂದರು. ಮನೆಯಲ್ಲಿದ್ದರೆ ನೋಡಿದಾಗಲೆಲ್ಲ ಕರುಳು ಹಿಂಡುತ್ತದೆ, ಬಳಸುವವರ ಕೈಯಲ್ಲಿರಲಿ ಎಂದು ಕೊಡುತ್ತಿದ್ದೇನೆ ಎಂದರು. ಬೆಲೆಯ ಮಾತು ಬೇಗ ಮುಗಿಯಿತು. ಆಮೇಲೆ ಕೇಳಿದರು:

"ಒಳಗಿರೋ ರೀಲ್ ತೊಳ್ಸಿ, ನಾವಿಬ್ರೂ ಇರೋದು ಬಂದಿದ್ರೆ ತಂದ್ಕೊಡಪ್ಪ. ಅದೊಂದು ಬಿಟ್ರೆ ನಂಗೇನೂ ಬ್ಯಾಡ."

ಹಳೇ ಕ್ಯಾಮೆರಾ ಕೊಳ್ಳುವವರಲ್ಲಿ ಒಂದು ಕಟ್ಟುಪಾಡಿದೆ. ಒಳಗೆ ರೀಲಿದ್ದರೆ ಅದು ಮಾರಿದವರದು, ತೊಳೆಸಿ ಅವರಿಗೆ ಮುಟ್ಟಿಸಬೇಕು. ಹಾಗಾಗಿ ತಂದುಕೊಡುವುದಕ್ಕೆ ನನ್ನ ಅಡ್ಡಿಯೇನಿರಲಿಲ್ಲ. ಆದರೆ ಸುಮ್ಮನೆ ಆಸೆ ಹುಟ್ಟಿಸುವುದು ಬೇಡ ಎಂದು ತಿಳಿಯ ಹೇಳಿದೆ. "ಶಟರ್ ಬಿದ್ದೇ ಇಲ್ಲಮ್ಮ. ಬಾಗಿಲೇ ತೆಗೀದೆ ಬೆಳಕು ಒಳಗೆ ಹೆಂಗೆ ಬರುತ್ತೆ? ಆ ಫೋಟೋ ಬಂದಿರೋಕೆ ಸಾಧ್ಯಾನೇ ಇಲ್ಲ."

"ತೊಳ್ಸೋಕ್ಮುಂಚೇನೇ ಹೆಂಗೆ ಹೇಳ್ತೀಯ?" ಎಂದರು ಶಿವಗಂಗಮ್ಮ. ನಾನು ನಕ್ಕೆ.

ಕವರಿಗೆ ಗುಂಡಿ ಹಾಕಿ, ಚೀಲದೊಳಗಿಟ್ಟುಕೊಂಡು ತುಮಕೂರಿಗೆ ಬಂದೆ. ಬಂದವನೇ ಅದನ್ನು ಬೀರುವಿನೊಳಗಿಟ್ಟೆ. ಕವರು ಹಾಗೆಯೇ ಮುಚ್ಚಿತ್ತು, ಲೆನ್ಸಿನ ಮುಂದೆ ದಪ್ಪ ಚರ್ಮ. ಈ ಮಾತನ್ನು ನೆನಪಿಡಿ. ದೀಪ ಹಚ್ಚುವ ಹೊತ್ತು, ಅವತ್ತು ಕರೆಂಟೂ ಇರಲಿಲ್ಲ. ಹೆಂಡತಿ ಸೀಮೆಎಣ್ಣೆ ದೀಪ ಹಿಡಿದುಕೊಂಡು ಕೋಣೆಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಏನ್ರೀ ಇದು, ಬೀರು ಒಳಗೆ ಗಿರ್ರ್ ಅಂತೈತೆ? ಜೀರುಂಡೆ ಗೀರುಂಡೆ ತಂದಿಟ್ಟಿದೀರಾ?"

ನಾನು ಹೋಗುವಷ್ಟರಲ್ಲಿ ಆ ಸದ್ದು ಇನ್ನೂ ಇತ್ತು. ನಾನೂ ಕೇಳಿದೆ. ಬೀರುವಿನ ಬಾಗಿಲು ತೆಗೆದ ಕ್ಷಣಕ್ಕೆ ಸರಿಯಾಗಿ ಕ್ಲಿಕ್ ಎಂದಿತು. ಕವರು ಬಿಚ್ಚಿ ನೋಡಿದರೆ ಟೈಮರಿನ ಕಡ್ಡಿ ತನ್ನ ಜಾಗಕ್ಕೆ ಬಂದು ನಿಂತಿತ್ತು. ಹೆಂಡತಿ ದೀಪ ಹಿಡಿದುಕೊಂಡೇ ಹಿಂದಕ್ಕೆ ಸರಿದಳು. ನಾನು ಮಾತ್ರ ಹೊಟ್ಟೆ ತುಂಬ ನಕ್ಕೆ. ಗುಬ್ಬಿ ರಸ್ತೆಯ ಗುಂಡಿಗಳಲ್ಲಿ ಬಸ್ಸು ಕುಲುಕಿದ ಕುಲುಕಿಗೆ ಜಡ್ಡು ಬಿಟ್ಟಿದೆ, ರಿಪೇರಿಯವನ ಕೂಲಿ ಉಳಿಯಿತು ಎಂದು ಅವಳಿಗೆ ಹೇಳಿದೆ. ಈಗಲೂ ಅಷ್ಟರ ಮಟ್ಟಿಗೆ ಅದೇ ನನ್ನ ಅಭಿಪ್ರಾಯ. ಆಮೇಲೆ ರೀಲು ಸುತ್ತಿ ಹೊರತೆಗೆದು ಮಾರನೆಯ ದಿನ ನಂಜುಂಡನಿಗೆ ಕೊಟ್ಟೆ. ಕೊನೆಯ ಫೋಟೋ ಮುಚ್ಚಿದ ಕವರಿನೊಳಗೆ ಬಿದ್ದದ್ದು, ಅದು ಖಾಲಿ ಇರುತ್ತದೆ, ಪ್ರಿಂಟ್ ಹಾಕಬೇಡ ಎಂದೂ ಹೇಳಿದ್ದೆ.

ಪ್ರಿಂಟು ತರಲು ಹೋದಾಗ ನಂಜುಂಡ ನನ್ನನ್ನು ಗೇಲಿ ಮಾಡಿದ. "ಏನ್ಲಾ, ಖಾಲಿ ಅಂದಿದ್ಯಲ್ಲ? ಇಡೀ ರೀಲ್ನಲ್ಲಿ ಅದೇ ಕಣೋ ಚೆನ್ನಾಗಿರೋದು."

ಕೆರೆ, ಕೊಕ್ಕರೆಗಳು, ಪಕ್ಕದ ಮನೆಯ ಕರು, ಮತ್ತೆ ಕೆರೆ. ಕೊನೆಯದರಲ್ಲಿ ಏರಿಯ ಕಲ್ಲಿನ ಮೇಲೆ ಇಬ್ಬರು ಕೂತಿದ್ದರು. ಒಬ್ಬರು ಶಿವಗಂಗಮ್ಮ. ಪಕ್ಕದಲ್ಲಿ ಹೆಗಲ ಮೇಲೆ ಟವೆಲು ಹಾಕಿದ ತೆಳ್ಳಗಿನ ಹಿರಿಯರು, ಕ್ಯಾಮೆರಾ ಕಡೆ ನೋಡದೆ ಅವರ ಕಡೆಗೇ ತಿರುಗಿ ಏನೋ ಹೇಳುವಂತೆ ಕೂತಿದ್ದರು. ಕೂಡಲೇ ಬುದ್ಧಿಗೆ ಕೆಲಸ ಕೊಟ್ಟೆ. ಬೇರೆ ಯಾವತ್ತೋ ತೆಗೆದದ್ದರ ಮೇಲೆ ಮತ್ತೊಂದು ಬಿದ್ದಿರಬಹುದು ಎಂದೆ. ನಂಜುಂಡ ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದ. ಹಾಗಾಗಿದ್ದರೆ ಒಂದರ ಮೇಲೊಂದು ಕಾಣಬೇಕಿತ್ತು, ಇದು ಒಂದೇ ಫೋಟೋ ಎಂದ. ಅವನ ಕಣ್ಣು ನನ್ನದಕ್ಕಿಂತ ಚುರುಕು, ಆದರೂ ನಾನೂ ಭೂತಗನ್ನಡಿ ಇಟ್ಟು ನೋಡಿದೆ. ಆಗಲೇ ಕಂಡದ್ದು, ಶಿವಗಂಗಮ್ಮನವರ ಕನ್ನಡಕದ ಕಡ್ಡಿಗೆ ಸುತ್ತಿದ ಬಿಳಿ ದಾರ.

ಭಾನುವಾರದವರೆಗೆ ಕಾಯಲು ಮನಸ್ಸಾಗದೆ ರಜೆ ಹಾಕಿ ಕಡಬಕ್ಕೆ ಹೋದೆ. ಫೋಟೋ ಕೈಗಿಟ್ಟರೆ ಆಕೆಗೆ ಆಶ್ಚರ್ಯವೇ ಆಗಲಿಲ್ಲ. ಕಿಟಕಿಯ ಹತ್ತಿರ ಒಯ್ದು ಬಹಳ ಹೊತ್ತು ನೋಡಿದರು. "ನಮ್ಮ ಯಜಮಾನ್ರೇ," ಎಂದರು. ಆಮೇಲೆ, "ನೋಡು, ಎಷ್ಟು ಹೇಳಿದ್ರೂ ಕ್ಯಾಮೆರಾ ಕಡೆ ನೋಡ್ಲೇ ಇಲ್ಲ."

ಕನ್ನಡಕ ಯಾವಾಗ ಮುರಿಯಿತಮ್ಮ ಎಂದು ಮೆಲ್ಲಗೆ ಕೇಳಿದೆ.

"ಇದಾ? ಅವ್ರ ಗಣಾರಾಧನೆ ದಿನ ಕಣಪ್ಪ. ಜನ ಜಾಸ್ತಿ ಇದ್ರು, ಯಾರೋ ತುಳ್ದುಬುಟ್ರು."

ಅಂದರೆ ಮೇಷ್ಟ್ರು ಹೋದ ಮೇಲೆ. ಅವರಾಗಿಯೇ ಇನ್ನೊಂದು ಮಾತು ಹೇಳಿದರು. ನಾನು ಕ್ಯಾಮೆರಾ ತೆಗೆದುಕೊಂಡು ಹೋದ ಸಂಜೆ ಅವರಿಗೆ ಮನೆಯೊಳಗೆ ಇರಲಾಗಲಿಲ್ಲವಂತೆ. ಮೇಷ್ಟ್ರು ಹೋದಮೇಲೆ ಮೊದಲ ಸಲ ಏರಿಗೆ ಹೋಗಿ, ಅದೇ ಕಲ್ಲಿನ ಮೇಲೆ ಕೂತರಂತೆ.

"ಒಬ್ರೇನಾ ಅಮ್ಮ?"

"ಒಬ್ಳೇ. ಇನ್ಯಾರಪ್ಪ ಬರ್ತಾರೆ ನನ್ಜೊತೆ? ದೀಪ ಹಚ್ಚೋ ಹೊತ್ನಲ್ಲಿ ಎದ್ ಬಂದೆ."

ಇಲ್ಲಿಗೆ ನನ್ನ ಲೆಕ್ಕ ತಪ್ಪುತ್ತದೆ. ಟೈಮರ್ ಬಿಟ್ಟುಕೊಂಡದ್ದನ್ನು ವಿವರಿಸಬಲ್ಲೆ. ಮುಚ್ಚಿದ ಬೀರು, ಮುಚ್ಚಿದ ಕವರು, ಕತ್ತಲ ಕೋಣೆ, ಕ್ಯಾಮೆರಾ ತುಮಕೂರಿನಲ್ಲಿ, ಆಕೆ ಕಡಬದಲ್ಲಿ. ಇದನ್ನು ಯಾವ ರಿಪೇರಿಯವನೂ ನನಗೆ ಬಿಡಿಸಿ ಹೇಳಿಲ್ಲ. ಆಮೇಲೆ ಅದೇ ಕ್ಯಾಮೆರಾದಲ್ಲಿ ರೀಲು ರೀಲು ತೆಗೆದೆ, ಟೈಮರ್ ಹಾಕಿಯೂ ತೆಗೆದೆ, ಕವರು ಮುಚ್ಚಿಯೂ ತೆಗೆದೆ. ಮುಚ್ಚಿ ತೆಗೆದದ್ದೆಲ್ಲ ಖಾಲಿಯೇ ಬಂತು, ಬರಬೇಕಾದ ಹಾಗೆ. ಎಲ್ಲರ ಕೈಯಲ್ಲೂ ಡಿಜಿಟಲ್ ಬಂದ ಮೇಲೆ ನನ್ನ ಬೀರು ಬಹುಪಾಲು ಖಾಲಿಯಾಯಿತು. ಇದೊಂದನ್ನು ಮಾರಲು ಮನಸ್ಸು ಬರಲಿಲ್ಲ.

ಫೋಟೋ ಕೊಟ್ಟು ಅವತ್ತು ಕಡಬದಿಂದ ಹೊರಡುವಾಗ ನನ್ನ ಕೈಲಾದ ಉಪಕಾರ ಮಾಡೋಣ ಎನಿಸಿತು. ಜೋಡಿ ಫೋಟೋದಿಂದ ತೀರಿಕೊಂಡವರನ್ನು ಮಾತ್ರ ಬಿಡಿಸಿ, ಹಿಂದೆ ನೀಲಿ ಬಣ್ಣ ಹಾಕಿ, ದೊಡ್ಡದು ಮಾಡಿ ಗೋಡೆಗೆ ಹಾಕಿಸಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಬದುಕಿರುವವರು ಇರುವ ಫೋಟೋಗೆ ಯಾರೂ ಹಾರ ಹಾಕುವುದಿಲ್ಲವಲ್ಲ.

"ಕೊಡಿ ಅಮ್ಮ," ಎಂದೆ, "ಮೇಷ್ಟ್ರನ್ನ ಮಾತ್ರ ಬಿಡಿಸಿ ದೊಡ್ಡದು ಮಾಡಿಸ್ಕೊಂಡು ಬರ್ತೀನಿ. ಹಾರ ಹಾಕೋಕೆ ಬರುತ್ತೆ."

ಶಿವಗಂಗಮ್ಮ ಫೋಟೋವನ್ನು ಎದೆಗೆ ಹಿಡಿದುಕೊಂಡರು.

"ಬ್ಯಾಡ ಬುಡಪ್ಪ," ಎಂದರು. "ಹಿಂಗೇ ಇರ್ಲಿ. ಇದ್ರಲ್ಲಿ ನಾನಿರೋ ಗಂಟ ಅವ್ರಿಗ್ಯಾರೂ ಹಾರ ಹಾಕಂಗಿಲ್ಲ."