ಕಾಲುಂಗುರ ಮತ್ತು ರನ್ನಿಂಗ್ ಶೂ

ಅಕ್ಕ ಕಾಲು ಕಳೆದುಕೊಂಡದ್ದು ಒಂದು ಚಪ್ಪಲಿಯಿಂದ. ನನ್ನ ಹಾಗೆ ಅವಳಿಗೂ ಸಕ್ಕರೆ ಕಾಯಿಲೆ ಮೊದಲೇ ಇತ್ತು, ನಿಜ. ಆದರೆ ಶುರುವಾದದ್ದು ಚಪ್ಪಲಿಯ ಪಟ್ಟಿ ಉಜ್ಜಿ ಎದ್ದ ಕಡಲೆಕಾಳಿನಷ್ಟು ಗುಳ್ಳೆಯಿಂದ. ಮೊದಲು ಬೆರಳು ಹೋಯಿತು, ಆಮೇಲೆ ಪಾದ. ಹಾಗಾಗಿ ಡಾಕ್ಟರು ನನಗೂ, "ನಿಮ್ಮ ಪಾದದಲ್ಲಿ ಸ್ಪರ್ಶ ಕಮ್ಮಿ ಆಗ್ತಾ ಇದೆ. ದಿನಾ ವಾಕ್ ಮಾಡಿ, ಆದ್ರೆ ಚಪ್ಪಲಿ ಬೇಡ, ಒಳ್ಳೇ ರನ್ನಿಂಗ್ ಶೂ ತಗೊಳ್ಳಿ" ಎಂದಾಗ ಕಣ್ಣ ಮುಂದೆ ಅಕ್ಕನ ಕಾಲೇ ಬಂತು. ಅವರು ಇನ್ನೂ ಏನೇನೋ ಹೇಳಿದರು. ನನ್ನ ಕಿವಿಗೆ ಒಂದೂ ಬೀಳಲಿಲ್ಲ.

ನಾನು ಸುಲಭಕ್ಕೆ ಹೆದರುವವಳಲ್ಲ. ರಾಜಾಜಿನಗರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ, ನನ್ನನ್ನು ಕಂಡರೆ ಮಕ್ಕಳೇ ಹೆದರುತ್ತವೆ. ಆದರೆ ಅವತ್ತಿನಿಂದ ಪಾಠ ಮಾಡುವಾಗ, ಬಸ್ಸಿನಲ್ಲಿ ಕೂತಾಗ, ಕುಕ್ಕರ್ ಮುಂದೆ ನಿಂತಾಗ ಕಾಲ್ಬೆರಳು ಆಡಿಸಿ ನೋಡುವುದು ಚಟವಾಯಿತು. ಆಡುತ್ತಿವೆ ಎಂದು ಕಣ್ಣಿಂದ ನೋಡಿದರೇ ಸಮಾಧಾನ.

ಆ ಶನಿವಾರ ನಾನೂ ಯಜಮಾನರೂ ವಿಜಯನಗರಕ್ಕೆ ಹೋದೆವು. ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ ಅರ್ಧ ಬೆಲೆಯ ಸೇಲ್ ಇತ್ತು. ಅಂಗಡಿಯವನು ನಾನು ಯಾವುದನ್ನು ಹಾಕಿದರೂ "ಸೂಪರ್ ಆಂಟಿ, ನಿಮಗೇ ಅಂತ ಮಾಡ್ಸಿದ ಹಾಗಿದೆ" ಎನ್ನುತ್ತಿದ್ದ. ನನಗೆ ಒಂದೂ ಒಪ್ಪಿಗೆಯಾಗಲಿಲ್ಲ. ಕಾಲು ಶೂ ಒಳಗಿದೆಯೋ ಗಾಳಿಯಲ್ಲಿದೆಯೋ ತಿಳಿಯುತ್ತಿರಲಿಲ್ಲ. ಕೊನೆಗೆ ಒಂದು ಸೈಜ್ ಚಿಕ್ಕದನ್ನು ಹಾಕಿ ನಿಂತೆ. ಪಾದವನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡ ಹಾಗಾಯಿತು. ಅಬ್ಬಾ, ಕಾಲಿದೆ! ಕಣ್ಣಲ್ಲಿ ನೀರೇ ಬಂತು.

"ಟೈಟ್ ಆಗ್ಲಿಲ್ವೇನೇ?" ಎಂದರು ಇವರು.

"ನನ್ನ ಕಾಲು ನನಗೆ ಗೊತ್ತಿಲ್ವಾ?" ಎಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅದನ್ನೇ ಕೊಂಡು ತಂದೆವು.

ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ವಾರವಿಡೀ ಠೀವಿಯಿಂದ ನಡೆದೆ. ಕಾಲಿರುವುದು ಗೊತ್ತಾಗುತ್ತಿತ್ತಲ್ಲ, ಬೆರಳು ಆಡಿಸಿ ನೋಡುವ ಚಟವೂ ಬಿಟ್ಟುಹೋಯಿತು. ಬೆಳಗ್ಗೆ ಕತ್ತಲಿರುವಾಗಲೇ ಹೊರಟು, ಬಂದು ಬಾಗಿಲಲ್ಲಿ ಶೂ ಬಿಟ್ಟು ಒಳಗೆ ಹೋಗುತ್ತಿದ್ದೆ. ಒಂದು ದಿನ ಇವರು ಹಾಲಿನ ಪ್ಯಾಕೆಟ್ ಹಿಡಿದು ಹಿಂದೆಯೇ ಬಂದವರು ನಿಂತುಬಿಟ್ಟರು.

"ಏನೇ ಅದು, ಸಾಕ್ಸಲ್ಲಿ?"

ಬಿಳಿ ಸಾಕ್ಸಿನ ತುದಿ ಕೆಂಪಾಗಿತ್ತು. ನೋವು ಮಾತ್ರ ಒಂದು ಚೂರೂ ಇರಲಿಲ್ಲ. ಆ ನೋವಿಲ್ಲದಿರುವುದೇ ನನ್ನ ಜೀವ ಬಾಯಿಗೆ ತಂದಿತು. ಸಾಕ್ಸ್ ಬಿಚ್ಚಿದರೆ ಎರಡನೇ ಬೆರಳು ಊದಿಕೊಂಡು ಕಾಲುಂಗುರ ಮಾಂಸದೊಳಗೆ ಹೂತಿತ್ತು.

ಶೂ ಕೊಳ್ಳುವಾಗ ಕಾಲುಂಗುರದ ಯೋಚನೆ ನನಗೂ ಬರಲಿಲ್ಲ, ಇವರಿಗೂ ಬರಲಿಲ್ಲ. ನಮ್ಮ ಮನೆಗಳಲ್ಲಿ ಅದನ್ನು ಬೆರಳಿಗೆ ಹಾಕಿದ ಒಡವೆ ಎಂದು ಯಾರೂ ಭಾವಿಸುವುದಿಲ್ಲ. ಉಗುರಿನ ಹಾಗೆ ಅದೂ ಮೈಯದೇ. ಜಾಗ ಬೇಡುವ ವಸ್ತು ಅದು ಎಂದು ಹೊಳೆಯುವುದಾದರೂ ಹೇಗೆ?

ಡಾಕ್ಟರು ಬೆರಳು ನೋಡಿ, "ಸ್ಪರ್ಶ ಕಮ್ಮಿ ಆದ ಕಾಲಿಗೆ ಬಿಗಿಯಾಗಿರೋದೇ ಹಿತ ಅನ್ಸುತ್ತೆ. ಅದನ್ನ ನಂಬಬಾರ್ದು ಅಂತ ಅವತ್ತೇ ಹೇಳಿದ್ನಲ್ಲಮ್ಮ" ಎಂದರು. "ಉಂಗುರ ಕತ್ತರಿಸ್ಬೇಕು. ಇನ್ನೊಂದು ಕಾಲಿಂದೂ ತೆಗೀರಿ."

ಈಗ ಹೆದರಿಕೆ ಎರಡಾಯಿತು. ಮದುವೆಯಲ್ಲಿ ಕಲ್ಲಿನ ಮೇಲೆ ನನ್ನ ಪಾದವಿಟ್ಟು ಇವರೇ ತೊಡಿಸಿದ ಉಂಗುರ. ಗಂಡ ಬದುಕಿರುವಾಗ ತೆಗೆಯುವುದಲ್ಲ. ಶಕುನ ಗಿಕುನ ಎಂದವರನ್ನು ಸ್ಟಾಫ್ ರೂಮಿನಲ್ಲಿ ಗೇಲಿ ಮಾಡುವವಳು ನಾನೇ. ಆದರೂ ಕಾಲು ಉಳಿಸಿಕೊಳ್ಳಲು ಇವರನ್ನು ಪಣಕ್ಕಿಟ್ಟೆನೇನೋ ಎನ್ನಿಸಿತು. ಇವರಿಗೆ ಬಿಪಿ ಬೇರೆ ಇದೆ. ಪಾದವನ್ನು ಸೀರೆಯೊಳಗೆ ಎಳೆದುಕೊಂಡೆ.

"ನಾನು ಗುಂಡುಕಲ್ಲಿನ ಹಾಗಿದೀನಿ. ಮೊದ್ಲು ಕಾಲು ಕೊಡೇ" ಎಂದು ಇವರೇ ನನ್ನ ಪಾದ ಹಿಡಿದು ಮುಂದಿಟ್ಟರು. ಕತ್ತರಿ ಆಡುವಾಗ ನಾನು ನೋಡಿದ್ದು ಇವರ ಮುಖವನ್ನು, ಉಸಿರಾಡುತ್ತಿದ್ದಾರೆಯೇ ಎಂದು.

ಗಾಯ ಮಾಯಲು ಬಹಳ ದಿನ ಹಿಡಿಯಿತು. ಬೆರಳು ಉಳಿಯಿತು. ಮತ್ತೆ ಶೂ ಕೊಳ್ಳಲು ಬೇಕೆಂದೇ ಸಂಜೆ ಹೊರಟೆವು, ಪಾದ ಊದುವುದು ಆಗಲೇ ಎಂದು ಡಾಕ್ಟರು ಹೇಳಿದ್ದರು. ಸೇಲ್ ಬೋರ್ಡ್ ಇದ್ದ ಕಡೆ ತಲೆ ಹಾಕಲಿಲ್ಲ. ದಪ್ಪ ಸಾಕ್ಸ್ ಹಾಕಿಕೊಂಡು ಹೋಗಿದ್ದೆ. ನ್ಯೂಸ್‌ಪೇಪರ್ ಮೇಲೆ ಪಾದವಿಟ್ಟು, ಸುತ್ತ ಗೆರೆ ಎಳೆದು, ಕತ್ತರಿಸಿ ತಂದಿದ್ದೆ. ಕಾಲಿಗೆ ಬುದ್ಧಿ ಇಲ್ಲದಿದ್ದರೆ ಕಣ್ಣಿಗಾದರೂ ಇರಲಿ ಎಂದು. ಆ ಕಾಗದವನ್ನು ಶೂ ಒಳಗೆ ತೂರಿಸುವುದು, ಅಂಚು ಮಡಚಿದರೆ ಪಕ್ಕಕ್ಕಿಡುವುದು. ಕೊನೆಗೆ ಅಗಲ ಮೂತಿಯ ಒಂದು ಜೋಡಿಯಲ್ಲಿ ಕಾಗದ ಸಲೀಸಾಗಿ ಕೂತಿತು. ಹಾಕಿಕೊಂಡು ಎದ್ದು ನಿಂತೆ.

ಇವರು ನೆಲದ ಮೇಲೆ ಕೂತು, "ಬೆರಳು ಎಲ್ಲಿಗೆ ಬರುತ್ತೆ ಅಂತ ಮೇಲಿಂದ ಒತ್ತಿ ನೋಡ್ತೀನಿ, ಗೊತ್ತಾದ್ರೆ ಹೇಳು" ಎಂದರು. ಅಂಗಡಿ ತುಂಬ ಜನ. ಗಂಡಸು ಹೆಂಡತಿಯ ಕಾಲ ಬಳಿ ಕೂತಿದ್ದನ್ನು ಎಲ್ಲರೂ ನೋಡುತ್ತಿದ್ದಾರೆ ಎಂದು ನನಗೆ ಸಂಕೋಚ. ಮುಖ ಎತ್ತಿ ಫ್ಯಾನ್ ನೋಡುತ್ತ ನಿಂತೆ.

"ಹ್ಞೂಂ, ಗೊತ್ತಾಯ್ತು. ಬೆರಳ ಮೇಲೇ ಒತ್ತಿದ್ರಿ. ಸಾಕು ಏಳಿ" ಎಂದೆ.

ಇವರು ಕೆಳಗಿನಿಂದ ತಲೆ ಎತ್ತಿದರು.

"ನಾನಿನ್ನೂ ಕೈಯೇ ಇಟ್ಟಿಲ್ಲ ಕಣೇ" ಎಂದರು.