ಶೇಕ್ಷಾವಲಿ ಹಚ್ಚಿದ ಸುರ್ಮಾ

ಶೇಕ್ಷಾವಲಿಯ ಹರಿಗೋಲು ಎಂದರೆ ಸಿರುಗುಪ್ಪದ ಹೊಳೆಯ ಎರಡೂ ದಡದವರಿಗೆ ನಂಬಿಕೆ. ಹೆಂಡತಿ ದಾವಲಬೀ ಬಳ್ಳಾರಿಯ ಪೇಟೆಯವಳು. ಬಾವಿ ಬಿಟ್ಟು ಬೇರೆ ನೀರು ಕಂಡವಳಲ್ಲ. ಮದುವೆಯಾದ ವರ್ಷ ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದಳು. "ಹೆದರಬ್ಯಾಡ, ನಾ ಅದೀನಿ" ಎಂದಿದ್ದ ಅವನು.

ಅಂದಿನಿಂದ ವರ್ಷಕ್ಕೊಮ್ಮೆ ಇಬ್ಬರೇ ಹರಿಗೋಲಲ್ಲಿ ತಿರುಗಾಡುವುದು ಪದ್ಧತಿಯಾಯಿತು. ಸಂಕ್ರಾಂತಿ ಕಳೆದು ಹೊಳೆ ಇಳಿದು, ಜನ ನಡೆದೇ ದಾಟತೊಡಗಿದರೆ ಹರಿಗೋಲಿಗೆ ರಜೆ. ಗಂಡಹೆಂಡತಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ನಾಲ್ಕು ದಿನ ನೀರು ಒಯ್ದತ್ತ ಹೋಗುವರು. ವಾಪಸು ಬರುವಾಗ ಹರಿಗೋಲು ಅವನ ತಲೆಯ ಮೇಲೆ. ಮಕ್ಕಳಿಲ್ಲದವರ ಹುಚ್ಚು ಎಂದು ಊರವರು ಆಡಿಕೊಂಡರು. ಆಡಿಕೊಳ್ಳಲಿ, ಊರ ಬಾಯಿಗೆ ಮುಚ್ಚಳ ಹಾಕಿದವರುಂಟೆ?

ಊರೂರೇ ಬರಿದಾದ ಡೋಗಿ ಬರ ಕಳೆದು ಹತ್ತು ವರ್ಷವಾಗಿತ್ತು. ಆ ಸಲ ಶೇಕ್ಷಾವಲಿ ಕಣ್ಣಿಗೆ ಸುರ್ಮಾ ಹಚ್ಚಿಕೊಂಡು ಹೊರಟ. ಕುರುಗೋಡಿಗೆ ಹೋದಾಗಲೆಲ್ಲ ಒಂದು ಡಬ್ಬಿ ತರುತ್ತಿದ್ದ.

"ಐವತ್ತರಾಗ ಮದುಮಗ ಆಗಾಕ ಹೊಂಟೀರೇನ್ರಿ?" ಎಂದು ದಾವಲಬೀ ಛೇಡಿಸಿದಳು. ಅವನು ನಗಲಿಲ್ಲ.

ಎರಡನೆಯ ದಿನ ಬಂಡೆಗಳ ನಡುವಿನ ಇಕ್ಕಟ್ಟು ಬಂತು. ಅಲ್ಲಿ ಹಿಡಿ ಮಂಡಕ್ಕಿ ಚೆಲ್ಲಿ, ಅದು ತೇಲುವ ದಾರಿ ನೋಡಿ ಹುಟ್ಟು ಹಾಕುವುದು ಅವನ ರೂಢಿ. ಚೆಲ್ಲಿದ. ಮಂಡಕ್ಕಿ ಬಲಕ್ಕೆ ತೇಲಿತು. ಅವನು ಮುಖ ಓರೆ ಮಾಡಿ, ಕಿವಿಗೊಟ್ಟು, ಹರಿಗೋಲನ್ನು ಎಡಕ್ಕೆ, ಬಂಡೆಯತ್ತಲೇ ತಿರುಗಿಸಿದ.

"ಬಲಕ್ಕರೀ!" ಎಂದು ಅವಳು ಚೀರಿದಳು. ಅಂಚು ಬಂಡೆಗೆ ಸವರಿ ಹರಿಗೋಲಿಗೆ ಹೊದಿಸಿದ ಚರ್ಮ ಗೇಣುದ್ದ ಹರಿಯಿತು. ಹೇಗೋ ಮರಳದಿಬ್ಬ ಸೇರಿದರು.

"ಮಂಡಕ್ಕಿ ಯಾವ ಕಡೆ ಹೋತು, ಹೇಳ್ರಿ."

ಅವನು ಹರಿದ ಚರ್ಮವನ್ನು ಬೆರಳಿನಿಂದ ತಡವಿ ಅಳೆದ. "ಕಾಣವಲ್ದು, ದಾವಲಬೀ. ಸಪ್ಪಳ ಕೇಳಿ ನಡಸಾಕ ಹತ್ತೀನಿ. ಸುರ್ಮಾ ಹಚ್ಚಿದ್ರ ಮಳಿಗಾಲಕ್ಕ ಸರಿಹೋಗತೈತಿ ಅಂದಾನ ಕುರುಗೋಡಿನ ಹಕೀಮ."

"ಜನಾನ್ನೂ ಹಿಂಗs ದಾಟಿಸೀರಿ?"

"ಹೂಂ."

ಅವಳಿಗೆ ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು. ನನ್ನನ್ನು ಕೇಳಿದರೆ ಸಿಟ್ಟೇ ಸರಿ. ಕೂಸುಕಂದಮ್ಮಗಳನ್ನು ಹೊತ್ತು ಸಾಗುವ ಹರಿಗೋಲು ಅದು.

"ಹುಟ್ಟು ಹಾಕೋದು ನನಗ ಕಲಸ್ರಿ. ಇಲ್ಲಾಂದ್ರ ಊರಾಗ ನಾನs ಹೇಳತೀನಿ."

"ಹೆಂಗಸು ಹುಟ್ಟು ಹಿಡಿದ್ರ ಯಾರು ಹತ್ತತಾರ? ಆಮ್ಯಾಲೆ ತಿನ್ನೋದೇನು?"

ಅವಳು ಅವನ ಕೈಯಿಂದ ಹುಟ್ಟು ಕಿತ್ತುಕೊಂಡಳು. ಅಂದೇ ಕಲಿಕೆ ಶುರುವಾಯಿತು. ನಾಲ್ಕು ದಿನದ ರಜೆ ತಿಂಗಳಾಯಿತು. ಅವಳ ಅಂಗೈಯಲ್ಲಿ ಬೊಬ್ಬೆಗಳೆದ್ದವು. ಬೈಗುಳ ಇಬ್ಬರ ಬಾಯಲ್ಲೂ ಇತ್ತು.

ಮಳೆಗಾಲಕ್ಕೆ ಹೊಳೆ ಕೆಂಪಾಗಿ ಏರಿತು, ಅವನ ಕಣ್ಣು ಮಾತ್ರ ತಿಳಿಯಾಗಲಿಲ್ಲ. ದಡದಲ್ಲಿ ಹತ್ತು ಜನ ಕಾದಿದ್ದರು. ದಾವಲಬೀಯ ಕೈಯಲ್ಲಿ ಹುಟ್ಟು ಕಂಡು ಒಬ್ಬೊಬ್ಬರೇ ಹಿಂದೆ ಸರಿದರು. ಆಚೆ ದಡದ ಮಗಳ ಬಾಣಂತನಕ್ಕೆ ಹೊರಟಿದ್ದ ಕೊಟ್ರಬಸಮ್ಮ ಕೇಳಿದಳು: "ಶೇಕ್ಷಾವಲಿ, ನೀ ಯಾಕ ಹಿಡೀವಲ್ಲಿ?"

ಜ್ವರ ಬಂದಿದೆ ಎಂದು ಅವನು ಸುಳ್ಳು ಹೇಳಬಹುದಿತ್ತು.

"ನನಗ ಕಣ್ಣು ಕಾಣಂಗಿಲ್ಲವ್ವ" ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ತಡಕಾಡುತ್ತ ಹೋಗಿ ತಾನೇ ಮೊದಲು ಹತ್ತಿದ. ಜನ ಕೂರುವ ಜಾಗದಲ್ಲಿ ಕೂತು, ಎರಡೂ ಕೈಯಲ್ಲಿ ಅಂಚನ್ನು ಬಿಗಿಹಿಡಿದ. ದಾವಲಬೀ ಹುಟ್ಟು ಹಿಡಿದು ಅವನೆದುರು ನಿಂತಳು.

"ಹೆದರಬ್ಯಾಡ್ರಿ, ನಾ ಅದೀನಿ" ಎಂದು ನೀರಿಗೆ ಮಂಡಕ್ಕಿ ಚೆಲ್ಲಿದಳು.

ಕೊಟ್ರಬಸಮ್ಮ ಸೀರೆ ಎತ್ತಿ ಕಟ್ಟಿ, ಅವನ ಪಕ್ಕದಲ್ಲಿ ಬಂದು ಕೂತಳು.